ಆರ್ಡರ್ ಕುಸಿದಾಗ ಕಾರ್ಖಾನೆಯ ಲೆಕ್ಕದವರು ಮಾಡಬೇಕಾದ ಕೆಲಸ ಯಾವುದು?

ಪ್ರಶ್ನೆ: ಪೀಣ್ಯದಲ್ಲಿರುವ, ವಾಹನಗಳ ಬಿಡಿಭಾಗ ತಯಾರಿಸಿ ಅರ್ಧದಷ್ಟನ್ನು ಅಮೆರಿಕ ಮತ್ತು ಜರ್ಮನಿಗೆ ರಫ್ತು ಮಾಡುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ನಾನು ಮ್ಯಾನೇಜ್‌ಮೆಂಟ್ ಅಕೌಂಟೆಂಟ್ ಆಗಿದ್ದೇನೆ. ಸಿಎಂಎ (ಕಾಸ್ಟ್ ಅಕೌಂಟೆಂಟ್ ಅರ್ಹತೆ) ಮುಗಿಸಿ ಕೆಲವೇ ವರ್ಷಗಳಾಗಿವೆ. ಹೊರದೇಶದ ಗ್ರಾಹಕರು ಸರಕು ತರಿಸಿಕೊಳ್ಳುವ ಶೆಡ್ಯೂಲ್‌ಗಳನ್ನು ಮುಂದಕ್ಕೆ ಹಾಕತೊಡಗಿದ್ದಾರೆ. 2008ರ ಜಾಗತಿಕ ಹಣಕಾಸು ಬಿಕ್ಕಟ್ಟನ್ನು ಕಣ್ಣಾರೆ ಕಂಡ ನಮ್ಮ ಮಾಲೀಕರು, ‘ಲೆಕ್ಕದವರು ಆಗಿಹೋದದ್ದನ್ನು ಬರೆಯುವವರು, ಆಗ ಅವರಿಂದ ನಮಗೆ ಏನೂ ಉಪಯೋಗವಾಗಲಿಲ್ಲ’ ಎನ್ನುತ್ತಾರೆ. ಇದು ನಿಜವೇ? ಅಂಥದ್ದೇ ಪರಿಸ್ಥಿತಿ ಮತ್ತೆ ಬಂದರೆ ನಾನು ಯಾವ ಲೆಕ್ಕವನ್ನು ಅವರ ಮುಂದಿಡಬೇಕು? ಇದಕ್ಕೆ ಸಿಮಾದಂಥ ವಿದೇಶಿ ಅರ್ಹತೆ ಬೇಕಾಗುತ್ತದೆಯೇ?

ಉತ್ತರ: ನಿಮ್ಮ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. 2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನ ನಮ್ಮ ಎಷ್ಟೋ ಕಾರ್ಖಾನೆಗಳಲ್ಲಿ ಆಗಸ್ಟ್ ತಿಂಗಳ ವರದಿಯೇ ಇನ್ನೂ ಮುಗಿದಿರಲಿಲ್ಲ, ಮುಗಿದಾಗ ಅದು ಲಾಭವನ್ನೇ ತೋರಿಸಿತು. ಅಕ್ಟೋಬರ್‌ನಲ್ಲಿ ದೇಶದ ಸರಕು ರಫ್ತು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕೆಳಗಿಳಿಯಿತು; ನವೆಂಬರ್‌ನಲ್ಲಿ ಟಾಟಾ ಮೋಟಾರ್ಸ್ ಜಮ್‌ಶೆಡ್‌ಪುರದ ಟ್ರಕ್ ಕಾರ್ಖಾನೆಯನ್ನೇ ಕೆಲವು ದಿನ ಮುಚ್ಚಿತು. ಅಂದರೆ ಲಾಭದ ವರದಿ ಮಾಲೀಕರ ಕೈಗೆ ಬರುವ ಹೊತ್ತಿಗೆ ಆ ಲಾಭ ಹುಟ್ಟಿದ ಮಾರುಕಟ್ಟೆಯೇ ಇರಲಿಲ್ಲ. ಆದರೆ ಅದೇ ದಿನಗಳಲ್ಲಿ ಬೇರೆ ಬಗೆಯ ಲೆಕ್ಕ ಇಟ್ಟುಕೊಂಡಿದ್ದವರು ಉಳಿದುಕೊಂಡರು ಎಂಬುದು ಇನ್ನರ್ಧ ಸತ್ಯ. ಆ ಲೆಕ್ಕ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ: ಕೈಯಲ್ಲಿರುವ ಹಣ ಎಷ್ಟು ವಾರಕ್ಕೆ ಸಾಕು, ಮತ್ತು ಇಂದು ತೆಗೆದುಕೊಳ್ಳಲಿರುವ ನಿರ್ಧಾರದಿಂದ ಆ ವಾರಗಳು ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ. ಬಿಕ್ಕಟ್ಟಿನ ಕಾಲದಲ್ಲಿ ಮ್ಯಾನೇಜ್‌ಮೆಂಟ್ ಅಕೌಂಟೆಂಟ್‌ನ ಉಳಿದೆಲ್ಲ ಕೆಲಸವೂ ಈ ಎರಡಕ್ಕೆ ಅಧೀನ ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಕಂಪನಿಗಳ ಒಂದೇ ವ್ಯವಹಾರದ ಎರಡು ತುದಿಗಳನ್ನು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಅಮೆರಿಕದ ಫೋರ್ಡ್ ಕಂಪನಿ 2006ರ ಕೊನೆಯಲ್ಲಿ, ಸಾಲ ಇನ್ನೂ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ, ಕಾರ್ಖಾನೆಗಳ ಜೊತೆಗೆ ತನ್ನ ನೀಲಿ ಲಾಂಛನವನ್ನೂ ಅಡವಿಟ್ಟು ಸುಮಾರು 2,350 ಕೋಟಿ ಡಾಲರಿನ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಲಾಂಛನವನ್ನು ಅಡವಿಡುವುದೆಂದರೆ ಮಾನ ಹೋದಂತೆ ಎಂದು ಆಗ ಅನೇಕರಿಗೆ ಅನ್ನಿಸಿತ್ತು. 2008ರಲ್ಲಿ ಅದು 1,400 ಕೋಟಿ ಡಾಲರಿಗೂ ಮೀರಿದ ನಷ್ಟ ಕಂಡಿತು. ಆದರೂ 2009ರ ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿದಾಗ ಫೋರ್ಡ್ ಹೊರಗೇ ಉಳಿಯಿತು. ನಷ್ಟವಾದದ್ದು ಮೂವರಿಗೂ, ನಷ್ಟವನ್ನು ತಡೆದುಕೊಳ್ಳುವಷ್ಟು ನಗದು ಇದ್ದದ್ದು ಒಬ್ಬರಿಗೆ. ಇನ್ನೊಂದು ತುದಿಯಲ್ಲಿ, 2008ರ ಜೂನ್‌ನಲ್ಲಿ ಇದೇ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಅನ್ನು 230 ಕೋಟಿ ಡಾಲರಿಗೆ ಕೊಂಡ ಟಾಟಾ ಮೋಟಾರ್ಸ್, ಅದಕ್ಕಾಗಿ 300 ಕೋಟಿ ಡಾಲರಿನ ಅಲ್ಪಾವಧಿಯ ಬ್ರಿಜ್ ಸಾಲ ತೆಗೆದಿತ್ತು. ದಶಕಗಳ ಕಾಲ ಇಟ್ಟುಕೊಳ್ಳಲಿರುವ ಆಸ್ತಿಗೆ 2009ರ ಜೂನ್ ಹೊತ್ತಿಗೆ ತೀರಿಸಬೇಕಾದ ಸಾಲ. ಜಗತ್ತಿನ ಸಾಲದ ಮಾರುಕಟ್ಟೆ ಹೆಪ್ಪುಗಟ್ಟಿದ್ದ ಆ ತಿಂಗಳುಗಳಲ್ಲಿ ಕಂಪನಿಯನ್ನು ಕಾಡಿದ್ದು ಕೊಂಡ ಬೆಲೆಗಿಂತ ಹೆಚ್ಚಾಗಿ ಆ ದಿನಾಂಕ. ಆ ಆರ್ಥಿಕ ವರ್ಷದಲ್ಲಿ ಅದರ ಒಟ್ಟುಗೂಡಿಸಿದ ಲೆಕ್ಕ ಸುಮಾರು 2,500 ಕೋಟಿ ರೂಪಾಯಿ ನಷ್ಟ ತೋರಿಸಿತು. ಸಾಲವನ್ನು ಹೊಸ ಸಾಲಗಳಿಂದ ಬದಲಿಸಿಕೊಂಡು, ಬಿಗಿಯಾದ ನಗದು ನಿಯಂತ್ರಣದಿಂದ ಮುಂದಿನ ವರ್ಷ ಅದು ಲಾಭಕ್ಕೆ ಮರಳಿತು. ನಿಮ್ಮ ಕಾರ್ಖಾನೆಗೂ ಇದು ಅನ್ವಯಿಸುತ್ತದೆ: ಯಂತ್ರ ಕೊಳ್ಳಲು, ದಿನನಿತ್ಯದ ವ್ಯವಹಾರಕ್ಕೆಂದು ಬ್ಯಾಂಕು ಕೊಟ್ಟ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದಿದ್ದರೆ, ಮಾಡಿದ್ದು ಅದೇ ತಪ್ಪಿನ ಸಣ್ಣ ರೂಪ. ಅದನ್ನು ಈಗಲೇ ಹುಡುಕಿ, ಅವಧಿ ಸಾಲವಾಗಿ ಬದಲಿಸುವಂತೆ ಬ್ಯಾಂಕನ್ನು ಕೇಳಿ. ಸಂಕಷ್ಟ ಬಂದ ಮೇಲೆ ಕೇಳಿದರೆ ಅವರು ಕೊಡುವುದಿಲ್ಲ.

ಇನ್ನು ಲೆಕ್ಕದ ಹಾಳೆಯ ವಿಷಯ. 13 ವಾರಗಳ ನಗದು ಹರಿವಿನ ಪಟ್ಟಿಯೊಂದನ್ನು ಈ ವಾರವೇ ಶುರು ಮಾಡಿ. ತಿಂಗಳ ಲೆಕ್ಕ ಸಾಲದು, ಏಕೆಂದರೆ ತಿಂಗಳೊಳಗೇ ಉಸಿರುಗಟ್ಟುವ ದಿನಗಳಿರುತ್ತವೆ. 7ನೇ ತಾರೀಖು ಸಂಬಳ ಮತ್ತು ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ, ನಡುವೆ ಬೆಸ್ಕಾಂ ಬಿಲ್ಲು, ಅವಧಿ ಸಾಲದ ಕಂತು, ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ. 20ರವರೆಗಿನ ಪಾವತಿಗಳೆಲ್ಲ ಮುಗಿದ ಮೇಲೆ 28ಕ್ಕೆ ಬರಲಿರುವ ಗ್ರಾಹಕರ ಹಣ ತಿಂಗಳ ಲೆಕ್ಕದಲ್ಲಿ ಸಮವಾಗಿಯೇ ಕಾಣುತ್ತದೆ. ವಾರದ ಲೆಕ್ಕದಲ್ಲಿ ಮಾತ್ರ ಮೂರನೆಯ ವಾರದ ಹಳ್ಳ ಕಾಣುತ್ತದೆ. ಹಬ್ಬದ ಬೋನಸ್ಸನ್ನು ಮರೆಯಬೇಡಿ. 2008ರಲ್ಲಿ ಲೇಮನ್ ಬಿದ್ದ ಮೂರು ನಾಲ್ಕು ವಾರಗಳಲ್ಲೇ ಆಯುಧಪೂಜೆ ಬಂದಿತ್ತು. ಬ್ಯಾಂಕುಗಳು ಕೈ ಬಿಗಿ ಹಿಡಿದ ಹೊತ್ತಿನಲ್ಲೇ ಕಾರ್ಖಾನೆಗಳು ವರ್ಷದ ಅತಿ ದೊಡ್ಡ ಒಂಟಿ ಪಾವತಿಯನ್ನು ಮಾಡಬೇಕಾಗಿ ಬಂತು.

ಪಟ್ಟಿಯ ಮೊದಲ ಸಾಲಿನಲ್ಲಿ ಬರುವ, ಈಗ ಕೈಯಲ್ಲಿರುವ ಹಣದ ಮೊತ್ತವನ್ನು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ಎತ್ತಬೇಡಿ, ಬ್ಯಾಂಕಿನ ಸ್ಟೇಟ್‌ಮೆಂಟಿನಿಂದಲೇ ಎತ್ತಿ. (2009ರ ಜನವರಿ 7ರಂದು ಸತ್ಯಂ ಕಂಪನಿಯ ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲ ಎಂದು ಅದರ ಅಧ್ಯಕ್ಷರೇ ಬರೆದುಕೊಟ್ಟ ದೇಶ ನಮ್ಮದು.) ಬರಬೇಕಾದ ಹಣವನ್ನು ಗ್ರಾಹಕರ ಹೆಸರುವಾರು ಹಾಕಿ, ಇನ್‌ವಾಯ್ಸಿನಲ್ಲಿ ಮುದ್ರಿಸಿದ ಗಡುವನ್ನು ಬಿಟ್ಟು ಆ ಗ್ರಾಹಕ ಕಳೆದ ಆರು ತಿಂಗಳಲ್ಲಿ ನಿಜವಾಗಿ ಹಣ ಕೊಟ್ಟ ದಿನಗಳ ಸರಾಸರಿಯನ್ನು ಹಿಡಿಯಿರಿ. ಪ್ರತಿ ವಾರ, ಹೋದ ವಾರ ಅಂದಾಜಿಸಿದ್ದೆಷ್ಟು, ಆದದ್ದೆಷ್ಟು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಮೊದಲ ಎರಡು ಮೂರು ವಾರ ಅಂದಾಜು ಖಂಡಿತ ತಪ್ಪುತ್ತದೆ, ಆ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವಾಗಲೇ ಯಾವ ಗ್ರಾಹಕ ಸದ್ದಿಲ್ಲದೆ ಪಾವತಿಯನ್ನು ಹಿಂದೂಡುತ್ತಿದ್ದಾನೆ ಎಂಬುದು ಗೊತ್ತಾಗುತ್ತದೆ.

ನಮ್ಮ ಊರಿನ ಕಾರ್ಖಾನೆಗಳ ಮಟ್ಟಿಗೆ ಈ ಪಟ್ಟಿಯಲ್ಲಿ ಇನ್ನೊಂದು ಸಾಲು ಬೇಕು: ಡ್ರಾಯಿಂಗ್ ಪವರ್. ಬ್ಯಾಂಕು ನಿಮಗೆ 4.5 ಕೋಟಿಯ ಮಿತಿ ಮಂಜೂರು ಮಾಡಿರಬಹುದು. ಆದರೆ ಪ್ರತಿ ತಿಂಗಳು ನೀವು ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಎಷ್ಟಕ್ಕೆ ಅವಕಾಶ ಕೊಡುತ್ತದೆಯೋ ಅಷ್ಟನ್ನೇ ತೆಗೆಯಬಹುದು. ಉದಾಹರಣೆಗೆ, ದಾಸ್ತಾನು 4 ಕೋಟಿ, ಸರಕು ಕೊಟ್ಟವರಿಗೆ ಬಾಕಿ 1 ಕೋಟಿ, 90 ದಿನದೊಳಗಿನ ಬರಬೇಕಾದ ಹಣ 3 ಕೋಟಿ ಎಂದುಕೊಳ್ಳಿ. ಹಣ ಕೊಟ್ಟು ಕೊಂಡ ದಾಸ್ತಾನು 3 ಕೋಟಿ, ಶೇ. 25 ಮಾರ್ಜಿನ್ (ಬ್ಯಾಂಕು ಸಾಲ ಕೊಡದೆ ಬಿಡುವ ಪಾಲು) ಕಳೆದರೆ 2.25 ಕೋಟಿ. ಬಾಕಿದಾರರ ಮೇಲೂ ಅದೇ ಮಾರ್ಜಿನ್ ಇದ್ದರೆ ಇನ್ನೊಂದು 2.25 ಕೋಟಿ. ಒಟ್ಟು 4.5 ಕೋಟಿ, ಸರಿಹೋಯಿತು. ಈಗ ಅಮೆರಿಕದ ಒಬ್ಬ ಗ್ರಾಹಕ 1 ಕೋಟಿಯ ಪಾವತಿಯನ್ನು ತಡಮಾಡಿ, ಆ ಇನ್‌ವಾಯ್ಸುಗಳು 90 ದಿನ ದಾಟಿದವು ಎನ್ನೋಣ. ಲಾಭ-ನಷ್ಟದ ಲೆಕ್ಕದಲ್ಲಿ ಒಂದು ಪೈಸೆಯ ಬದಲಾವಣೆ ಇಲ್ಲ. ಆದರೆ ಆ ತಿಂಗಳ ಡ್ರಾಯಿಂಗ್ ಪವರ್ 75 ಲಕ್ಷ ಕುಸಿಯುತ್ತದೆ. ಗ್ರಾಹಕನ ಹಣವೂ ಬರಲಿಲ್ಲ, ಅದರ ಮೇಲೆ ಬ್ಯಾಂಕು ಕೊಟ್ಟಿದ್ದ ಹಣವನ್ನೂ ವಾಪಸು ಕಟ್ಟಬೇಕಾಯಿತು. 2008ರ ಕೊನೆಯ ತಿಂಗಳುಗಳಲ್ಲಿ ಸಣ್ಣ ರಫ್ತುದಾರರ ಖಾತೆಗಳು ಒಮ್ಮೆಲೇ ಬಿಗಿದುಕೊಂಡದ್ದನ್ನು ಕಂಡವರಿಗೆ ಈ ಗಣಿತದ ಕ್ರೌರ್ಯ ಗೊತ್ತು.

ಇದರ ಇನ್ನೊಂದು ಮುಖವನ್ನು ಮಾಲೀಕರಿಗೆ ತೋರಿಸಲೇಬೇಕು. ಹಣ ಬಿಗಿಯಾದಾಗ ಎಲ್ಲರಿಗೂ ಮೊದಲು ಹೊಳೆಯುವುದು ‘ಸಪ್ಲೈಯರ್‌ಗಳಿಗೆ ಸ್ವಲ್ಪ ತಡವಾಗಿ ಕೊಡೋಣ’ ಎಂಬ ಉಪಾಯ. ಮೇಲಿನ ಲೆಕ್ಕದಲ್ಲೇ ಅದನ್ನು ಇಟ್ಟು ನೋಡಿ. 1 ಕೋಟಿಯ ಪಾವತಿಯನ್ನು ತಡೆದರೆ 1 ಕೋಟಿ ಕೈಯಲ್ಲಿ ಉಳಿಯುತ್ತದೆ ಎನ್ನಿಸುತ್ತದೆ. ಆದರೆ ಸರಕಿನ ಬಾಕಿ 1 ಕೋಟಿ ಹೆಚ್ಚಾದ್ದರಿಂದ ಹಣ ಕೊಟ್ಟ ದಾಸ್ತಾನು ಅಷ್ಟೇ ಕಡಿಮೆಯಾಗಿ, ಡ್ರಾಯಿಂಗ್ ಪವರ್ 75 ಲಕ್ಷ ಇಳಿಯುತ್ತದೆ. ಮಿತಿಯ ಅಂಚಿನಲ್ಲಿರುವ ಖಾತೆಗೆ ನಿಜವಾಗಿ ದಕ್ಕುವುದು 25 ಲಕ್ಷ ಮಾತ್ರ. ಆ 25 ಲಕ್ಷಕ್ಕಾಗಿ ನಿಮ್ಮ ಫೋರ್ಜಿಂಗ್‌ನವನ, ಹೀಟ್ ಟ್ರೀಟ್‌ಮೆಂಟ್‌ನವನ ವಿಶ್ವಾಸ ಕಳೆದುಕೊಳ್ಳುತ್ತೀರಿ. ಅವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಗಳಾಗಿ ನೋಂದಾಯಿಸಿಕೊಂಡಿದ್ದರೆ ಗರಿಷ್ಠ 45 ದಿನಗಳ ಕಾನೂನು ಗಡುವಿದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಮೇಲೆ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸಲಾಗದು. ಈ ನಾಲ್ಕು ಸಾಲಿನ ಲೆಕ್ಕವನ್ನು ಮಾಲೀಕರ ಮುಂದಿಟ್ಟ ದಿನ, ಲೆಕ್ಕದವರಿಂದ ಉಪಯೋಗವಿಲ್ಲ ಎಂಬ ಮಾತು ಅವರ ಬಾಯಿಂದ ಎರಡನೆಯ ಸಲ ಬರಲಾರದು.

ಎರಡನೆಯ ದೊಡ್ಡ ವಿಷಯ ಬಿಡಿಭಾಗವೊಂದರ ಅಸಲು ವೆಚ್ಚ. ಬಿಕ್ಕಟ್ಟಿನಲ್ಲಿ ಆ ವೆಚ್ಚವನ್ನು ಬಿಡಿಸಿ ತೋರಿಸುವ ಕಾಸ್ಟ್ ಶೀಟ್‌ನಷ್ಟು ಅಪಾಯಕಾರಿ ಕಾಗದ ಇನ್ನೊಂದಿಲ್ಲ. ನಮ್ಮ ವೃತ್ತಿಯವನಾಗಿ ನಾನಿದನ್ನು ಹೇಳುವುದು ವಿಚಿತ್ರವೆನ್ನಿಸಬಹುದು. ತಿಂಗಳಿಗೆ 10,000 ಸಂಖ್ಯೆಯಲ್ಲಿ ತಯಾರಾಗುವ ಒಂದು ಭಾಗಕ್ಕೆ ಕಚ್ಚಾ ಸಾಮಗ್ರಿ 420 ರೂಪಾಯಿ, ಕಾರ್ಮಿಕರ ವೇತನ 60, ವಿದ್ಯುತ್, ಟೂಲಿಂಗ್, ಜಾಬ್ ವರ್ಕ್, ಪ್ಯಾಕಿಂಗ್ ಸೇರಿ 50, ಸ್ಥಿರ ಓವರ್‌ಹೆಡ್ (ಉತ್ಪಾದನೆ ಎಷ್ಟಿದ್ದರೂ ಬದಲಾಗದ ಖರ್ಚಿನ ಪಾಲು) 170, ಒಟ್ಟು 700. ಮಾರಾಟ ಬೆಲೆ 760 ಎಂದಿಟ್ಟುಕೊಳ್ಳಿ. ಉತ್ಪಾದನೆ 5,000ಕ್ಕೆ ಇಳಿದರೆ ಅದೇ 17 ಲಕ್ಷದ ಸ್ಥಿರ ಖರ್ಚು ಅರ್ಧ ಸಂಖ್ಯೆಯ ಮೇಲೆ ಹಂಚಿಹೋಗಿ, ತಲಾ ಓವರ್‌ಹೆಡ್ 340 ಆಗುತ್ತದೆ. ಕಾಸ್ಟ್ ಶೀಟ್ 870 ಎನ್ನುತ್ತದೆ. ಅದನ್ನು ನೋಡಿದ ಮಾಲೀಕರು ಬೆಲೆ ಏರಿಸಲು ಹೊರಡುತ್ತಾರೆ, ಇಲ್ಲವೇ ‘ನಷ್ಟದ ಐಟಂ’ ಎಂದು ಅದನ್ನೇ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಅದರ ಪಾಲಿನ ಓವರ್‌ಹೆಡ್ ಉಳಿದ ಭಾಗಗಳ ಹೆಗಲೇರುತ್ತದೆ, ಆಗ ಅವೂ ನಷ್ಟದ ಐಟಂಗಳಾಗುತ್ತವೆ. ಹೀಗೆ ಒಂದೊಂದನ್ನೇ ಕೈಬಿಡುತ್ತ ಹೋದ ಕಾರ್ಖಾನೆಯಲ್ಲಿ ಕೊನೆಗೆ ಓವರ್‌ಹೆಡ್ ಮಾತ್ರ ಉಳಿಯುತ್ತದೆ.

ಲೆಕ್ಕಪತ್ರದ ಮಾನದಂಡವೇ ಇದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದು ಅನೇಕರಿಗೆ ನೆನಪಿರುವುದಿಲ್ಲ. ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಎಎಸ್ 2, ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಹಂಚಬೇಕು, ಉತ್ಪಾದನೆ ಕಡಿಮೆಯಾಯಿತೆಂದು ತಲಾ ಹಂಚಿಕೆಯನ್ನು ಏರಿಸಬಾರದು, ಹಂಚಿಕೆಯಾಗದೆ ಉಳಿದದ್ದನ್ನು ಆ ಅವಧಿಯ ಖರ್ಚಾಗಿಯೇ ತೋರಿಸಬೇಕು ಎನ್ನುತ್ತದೆ. ಮಾಲೀಕರ ವರದಿಯಲ್ಲೂ ಹಾಗೆಯೇ ಮಾಡಿ: ಭಾಗದ ವೆಚ್ಚ 700 ಆಗಿಯೇ ಇರಲಿ, ‘ಖಾಲಿ ಬಿದ್ದ ಸಾಮರ್ಥ್ಯದ ವೆಚ್ಚ 8.5 ಲಕ್ಷ’ ಎಂಬುದು ಬೇರೆಯದೇ ಸಾಲಾಗಿ ಕಾಣಲಿ. ಆಗ ಆ 8.5 ಲಕ್ಷ ಬಿಡಿಭಾಗದ ತಪ್ಪಾಗಿ ಕಾಣದೆ, ತುಂಬಬೇಕಾದ ಸಾಮರ್ಥ್ಯವಾಗಿ ಕಾಣುತ್ತದೆ.

ಈ ನಡುವೆ ಮಾರಾಟ ವಿಭಾಗದವರು 640 ರೂಪಾಯಿ ದರದಲ್ಲಿ 2,000 ಭಾಗಗಳ ಆರ್ಡರ್ ತರುತ್ತಾರೆ ಎಂದುಕೊಳ್ಳಿ. 870ರ ಕಾಸ್ಟ್ ಶೀಟ್ ‘ಬೇಡ’ ಎನ್ನುತ್ತದೆ, 700ರದ್ದೂ ಅದನ್ನೇ ಹೇಳುತ್ತದೆ. ಪಠ್ಯಪುಸ್ತಕದ ಮಾರ್ಜಿನಲ್ ಕಾಸ್ಟಿಂಗ್ ಪ್ರಕಾರ 640ರಲ್ಲಿ ಓವರ್‌ಹೆಡ್ ಬಿಟ್ಟು ಉಳಿದ ಖರ್ಚು 530 ಕಳೆದು 110 ರೂಪಾಯಿ ಕಾಂಟ್ರಿಬ್ಯೂಷನ್ (ಸ್ಥಿರ ಖರ್ಚು ತುಂಬಲು ಉಳಿಯುವ ಹಣ), ಒಟ್ಟು 2.2 ಲಕ್ಷ. ಆದರೆ ನಮ್ಮಲ್ಲಿ ಕಾಯಂ ಕಾರ್ಮಿಕರ ಸಂಬಳ ಆರ್ಡರ್ ಇಲ್ಲದ ತಿಂಗಳಲ್ಲೂ ಹೋಗುತ್ತದೆ. ಮೂರು ತಿಂಗಳ ಅವಧಿಗೆ ಅದೂ ಸ್ಥಿರ ಖರ್ಚೇ. ಹಾಗೆ ನೋಡಿದರೆ ಈ ಆರ್ಡರಿನಿಂದ ಹೊಸದಾಗಿ ಹುಟ್ಟುವ ಖರ್ಚು 470 ಮಾತ್ರ, ಕಾಂಟ್ರಿಬ್ಯೂಷನ್ 170, ಒಟ್ಟು 3.4 ಲಕ್ಷ. ಒಪ್ಪಿಕೊಂಡುಬಿಡೋಣವೇ? ಇನ್ನೂ ಇಲ್ಲ. ಸಾಮಗ್ರಿಯವನಿಗೆ 30 ದಿನಕ್ಕೆ ಹಣ ಕೊಡಬೇಕು, ಗ್ರಾಹಕ 120 ದಿನಕ್ಕೆ ಕೊಡುತ್ತಾನೆ ಎಂದರೆ, ಮೊದಲು 9.4 ಲಕ್ಷ ಕೈಯಿಂದ ಹೋಗಿ ನಾಲ್ಕು ತಿಂಗಳ ಮೇಲೆ 12.8 ಲಕ್ಷ ಬರುತ್ತದೆ. ನಿಮ್ಮ 13 ವಾರಗಳ ಪಟ್ಟಿ ಒಂಬತ್ತನೆಯ ವಾರದಲ್ಲಿ ಬರಿದಾಗುತ್ತಿದ್ದರೆ, ಲಾಭ ತರುವ ಈ ಆರ್ಡರೇ ನಿಮ್ಮನ್ನು ಎಂಟನೆಯ ವಾರಕ್ಕೆ ಎಳೆದು ತರಬಹುದು. ಆದ್ದರಿಂದ ಬೆಲೆಗಾಗಿ ಜಗ್ಗಾಡುವುದಕ್ಕಿಂತ ಪಾವತಿಯ ದಿನಕ್ಕಾಗಿ ಜಗ್ಗಾಡುವಂತೆ ಮಾರಾಟದವರಿಗೆ ಹೇಳಿ: 640ರ ಬದಲು 625ಕ್ಕೆ ಕೊಟ್ಟು 30 ದಿನದಲ್ಲಿ ಹಣ ಬರುವಂತೆ ಮಾಡಿದರೆ, ಈ ಕಾಲದಲ್ಲಿ ಅದೇ ಉತ್ತಮ ವ್ಯವಹಾರ. ಹಳೆಯ ಕಾಯಂ ಗ್ರಾಹಕರಿಗೆ ಈ ದರ ತಿಳಿದು ಅವರೂ ಅದನ್ನೇ ಕೇಳುವ ಅಪಾಯವನ್ನು ಮಾತ್ರ ಬೇರೆಯಾಗಿ ತೂಗಬೇಕು.

ದಾಸ್ತಾನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2008ರ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿ, ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗಿಳಿಯಿತು. ಟನ್ನಿಗೆ 8,000 ಡಾಲರಿಗೂ ಮೇಲಿದ್ದ ತಾಮ್ರ ವರ್ಷಾಂತ್ಯಕ್ಕೆ 3,000ದ ಆಸುಪಾಸಿಗೆ ಬಂತು. ಬೆಲೆ ಇನ್ನೂ ಏರುತ್ತದೆಂದು ಕೊಂಡು ತುಂಬಿಸಿಕೊಂಡವರು, ಕೊಂಡ ಬೆಲೆ ಬರುವವರೆಗೆ ಮಾರುವುದಿಲ್ಲ ಎಂದು ಕುಳಿತು ಇನ್ನಷ್ಟು ಕಳೆದುಕೊಂಡರು. ಕೊಂಡ ಬೆಲೆ ನಿರ್ಧಾರಕ್ಕೆ ಸಂಬಂಧಿಸಿದ್ದೇ ಅಲ್ಲ; ಇಂದು ಮಾರಿದರೆ ಎಷ್ಟು, ಇಂದು ಹೊಸದಾಗಿ ಕೊಂಡರೆ ಎಷ್ಟು ಎಂಬ ಎರಡು ಅಂಕಿಗಳನ್ನು ದಾಸ್ತಾನು ಪಟ್ಟಿಯ ಪಕ್ಕದಲ್ಲಿ ಬರೆದುಕೊಟ್ಟರೆ ಸಾಕು.

ವಿದೇಶಿ ಗ್ರಾಹಕರ ಬಾಕಿಯನ್ನು ಮಾತ್ರ ಹೆಸರು ಹೆಸರಾಗಿ ನೋಡಬೇಕು. ಗ್ರಾಹಕನ ಗಾತ್ರ ಭದ್ರತೆಯಲ್ಲ ಎಂಬುದಕ್ಕೆ ಜನರಲ್ ಮೋಟಾರ್ಸ್‌ಗಿಂತ ಬೇರೆ ಸಾಕ್ಷಿ ಬೇಡ. 2009ರ ಮಾರ್ಚ್‌ನಲ್ಲಿ ಅಮೆರಿಕದ ಸರ್ಕಾರವೇ ವಾಹನ ಕಂಪನಿಗಳಿಗೆ ಬಿಡಿಭಾಗ ಕೊಡುವವರ ಬಾಕಿಗೆ ಖಾತರಿಯಾಗಿ 500 ಕೋಟಿ ಡಾಲರಿನ ಯೋಜನೆ ಪ್ರಕಟಿಸಬೇಕಾಯಿತು. ಅಮೆರಿಕದ ದಿವಾಳಿ ಕಾನೂನಿನಲ್ಲಿ ಅರ್ಜಿಗೆ ಹಿಂದಿನ 20 ದಿನಗಳೊಳಗೆ ತಲುಪಿದ ಸರಕಿನ ಬೆಲೆಗೆ ಆದ್ಯತೆಯಿದೆ. ಅದಕ್ಕಿಂತ ಹಳೆಯ ಬಾಕಿ ಭದ್ರತೆಯಿಲ್ಲದ ಸಾಲಿನಲ್ಲಿ ನಿಲ್ಲುತ್ತದೆ, ಹಿಂದಿನ 90 ದಿನಗಳಲ್ಲಿ ಕೈಗೆ ಬಂದ ಹಣವನ್ನೂ ಕೆಲವು ಸಂದರ್ಭಗಳಲ್ಲಿ ವಾಪಸು ಕೇಳಬಹುದು. ಆದ್ದರಿಂದ ಅನುಮಾನವಿರುವ ಗ್ರಾಹಕನಿಗೆ ಒಟ್ಟಿಗೆ ದೊಡ್ಡ ಸರಕು ಕಳುಹಿಸಿ ನಾಲ್ಕು ತಿಂಗಳು ಕಾಯುವ ಬದಲು ಸಣ್ಣ ಸಣ್ಣ ಕಂತುಗಳಲ್ಲಿ ಕಳುಹಿಸಿ, ಹಿಂದಿನದರ ಹಣ ಬಂದ ಮೇಲೆ ಮುಂದಿನದನ್ನು ಹಡಗು ಹತ್ತಿಸುವುದು ಒಳ್ಳೆಯದು. ರಫ್ತಿನ ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ವಿಮೆ ಇದ್ದರೆ, ಪಾಲಿಸಿಯನ್ನು ಬೀರುವಿನಿಂದ ತೆಗೆದು ಗಡುವುಗಳನ್ನು ಓದಿ. ಪಾವತಿ ತಡವಾದದ್ದನ್ನು ನಿಗದಿತ ಅವಧಿಯೊಳಗೆ ಅವರಿಗೆ ತಿಳಿಸದೆ, ಗ್ರಾಹಕನ ಮೇಲಿನ ಮರ್ಯಾದೆಯಿಂದ ಸುಮ್ಮನಿದ್ದವರ ಕ್ಲೇಮ್ ನಿಲ್ಲುವುದು ಕಷ್ಟ.

ವಿದೇಶಿ ವಿನಿಮಯದ ವಿಷಯದಲ್ಲಿ 2008 ನಮ್ಮವರಿಗೆ ಕಲಿಸಿದ ಪಾಠ ಬಹಳ ದುಬಾರಿಯದು. 2007ರಲ್ಲಿ ರೂಪಾಯಿ ಬಲಗೊಳ್ಳುತ್ತ ಡಾಲರಿಗೆ 44ರಿಂದ 39ಕ್ಕೆ ಬಂದಿತ್ತು. ಇನ್ನೂ ಬಲಗೊಂಡರೆ ಗತಿಯೇನು ಎಂಬ ಭಯದಲ್ಲಿ ರಫ್ತುದಾರರು ಒಂದೆರಡು ವರ್ಷಗಳ ಡಾಲರನ್ನು ಮುಂಗಡವಾಗಿಯೇ ಮಾರಿಬಿಟ್ಟರು. ತಿರುಪ್ಪೂರು, ಲೂಧಿಯಾನಾಗಳ ಅನೇಕರು ಅಲ್ಲಿಗೆ ನಿಲ್ಲದೆ, ‘ಶೂನ್ಯ ವೆಚ್ಚ’ ಎಂದು ಹೇಳಿ ಮಾರಲಾದ ಸಂಕೀರ್ಣ ಆಪ್ಷನ್‌ಗಳಿಗೂ, ತಾವೆಂದೂ ವ್ಯವಹರಿಸದ ಸ್ವಿಸ್ ಫ್ರಾಂಕ್ ಮತ್ತು ಯೆನ್‌ಗಳಿಗೂ ಕೈ ಹಾಕಿ ನ್ಯಾಯಾಲಯದವರೆಗೆ ಹೋದರು. ದಕ್ಷಿಣ ಕೊರಿಯಾದ ಸಣ್ಣ ರಫ್ತುದಾರರನ್ನು ಮುಳುಗಿಸಿದ ‘ಕಿಕೊ’ ಕರಾರುಗಳೂ ಇದೇ ಜಾತಿಯವು. ಆದರೆ ಮುಂದೆ ಬರಲಿರುವ ಡಾಲರನ್ನು ಇಂದೇ ನಿಗದಿಯಾದ ದರಕ್ಕೆ ಮಾರುವ ಸರಳವಾದ ಫಾರ್ವರ್ಡ್ ಕರಾರು ಕೂಡ ಹೇಗೆ ಕಚ್ಚುತ್ತದೆ ಎಂಬುದನ್ನು ನೋಡಿ. ತಿಂಗಳಿಗೆ 1 ಲಕ್ಷ ಡಾಲರನ್ನು 40.50ಕ್ಕೆ ಮಾರಲು ಕರಾರು ಮಾಡಿಕೊಂಡವನ ಆರ್ಡರ್ ಅರ್ಧಕ್ಕಿಳಿದು 50,000 ಡಾಲರ್ ಮಾತ್ರ ಬಂತು. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಡಾಲರಿಗೆ 49 ರೂಪಾಯಿ. ಬಾರದ 50,000 ಡಾಲರನ್ನು 49ಕ್ಕೆ ಕೊಂಡು ಬ್ಯಾಂಕಿಗೆ 40.50ಕ್ಕೆ ಕೊಡಬೇಕು: ತಿಂಗಳಿಗೆ 4.25 ಲಕ್ಷ ನೇರ ನಷ್ಟ. ರೂಪಾಯಿ ಕುಸಿದರೆ ರಫ್ತುದಾರನಿಗೆ ಲಾಭ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಸಂಪೂರ್ಣ ತಲೆಕೆಳಗಾಯಿತು.

ಇಲ್ಲಿ ಮ್ಯಾನೇಜ್‌ಮೆಂಟ್ ಅಕೌಂಟೆಂಟ್‌ನ ಜವಾಬ್ದಾರಿ ಸ್ಪಷ್ಟವಾಗಿದೆ, 2008ರಲ್ಲಿ ನಮ್ಮ ವೃತ್ತಿ ಅದನ್ನು ಸಾಕಷ್ಟು ನಿರ್ವಹಿಸಲಿಲ್ಲ ಎಂದೂ ಹೇಳಬೇಕು. ಟ್ರೆಷರಿಯ (ಸಾಲ, ವಿದೇಶಿ ವಿನಿಮಯಗಳ ನಿರ್ವಹಣೆಯ) ಕೆಲಸ ಮಾಲೀಕರು ಮತ್ತು ಬ್ಯಾಂಕಿನವರ ನಡುವಿನದು ಎಂದು ಲೆಕ್ಕದವರು ದೂರ ನಿಂತರು. ಕರಾರಿನಲ್ಲಿ ಅಡಗಿದ್ದ ನಷ್ಟ ಪುಸ್ತಕಕ್ಕೆ ಬಂದದ್ದು, ಅದಕ್ಕೆ ಅವಕಾಶ ಕಲ್ಪಿಸಬೇಕೆಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ 2008ರ ಮಾರ್ಚ್‌ನಲ್ಲಿ ಹೇಳಿದ ಮೇಲೆ. ನೀವು ಒಂದು ಪುಟ ಇಟ್ಟುಕೊಳ್ಳಿ: ತಿಂಗಳುವಾರು ದೃಢಪಟ್ಟ ಆರ್ಡರ್ ಎಷ್ಟು, ಬರೀ ಮುನ್ಸೂಚನೆ ಎಷ್ಟು, ಮುಂಗಡ ಮಾರಿದ ಡಾಲರ್ ಎಷ್ಟು. ಮೂರನೆಯದು ಮೊದಲನೆಯದನ್ನು ಮೀರಿದ ತಿಂಗಳನ್ನು ಕೆಂಪು ಮಾಡಿ. ಇದಕ್ಕಿಂತ ಹೆಚ್ಚಿನ ಗಣಿತ ಇಲ್ಲಿ ಬೇಕಾಗಿಲ್ಲ.

ಖರ್ಚು ಕಡಿತಕ್ಕೆ ಬರೋಣ. ‘ಎಲ್ಲ ವಿಭಾಗಗಳೂ ಶೇ. 10 ಇಳಿಸಿ’ ಎಂಬ ಸುತ್ತೋಲೆ ಸೋಮಾರಿತನದ ಗುರುತು. ಅದು ದಂಡವಾಗಿ ಖರ್ಚು ಮಾಡುತ್ತಿದ್ದವನಿಗೆ ಸುಲಭ, ಮೊದಲೇ ಬಿಗಿಯಾಗಿದ್ದವನಿಗೆ ಶಿಕ್ಷೆ. ಯಾವ ಖರ್ಚು ನಿಲ್ಲಿಸಿದರೆ 13 ವಾರಗಳೊಳಗೆ ಹಣ ಉಳಿಯುತ್ತದೆ, ಯಾವುದನ್ನು ನಿಲ್ಲಿಸಿದರೆ ಒಂದು ವರ್ಷದ ಮೇಲೆ ಹೊಡೆತ ಬೀಳುತ್ತದೆ ಎಂದು ವಿಂಗಡಿಸಿ. ಗೇಜ್‌ಗಳ ಕ್ಯಾಲಿಬ್ರೇಷನ್, ಯಂತ್ರಗಳ ನಿರ್ವಹಣೆ, ಗ್ರಾಹಕರ ಗುಣಮಟ್ಟ ಪರಿಶೀಲನೆಗೆ ಬೇಕಾದ ದಾಖಲೆ ಇವು ಎರಡನೆಯ ಗುಂಪಿನವು. ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವ ಅನುಭವಿ ಸಿಎನ್‌ಸಿ ಆಪರೇಟರನೂ ಅದೇ ಗುಂಪಿನವನು. ಟೊಯೊಟಾ 2009ರ ಮಾರ್ಚ್‌ಗೆ ಕೊನೆಗೊಂಡ ವರ್ಷದಲ್ಲಿ 46,100 ಕೋಟಿ ಯೆನ್ ಕಾರ್ಯಾಚರಣಾ ನಷ್ಟ ಕಂಡಿತು. ಹಾಗಿದ್ದೂ 2008ರಲ್ಲಿ ಟೆಕ್ಸಾಸ್ ಮತ್ತು ಇಂಡಿಯಾನಾದ ಟ್ರಕ್ ಲೈನ್‌ಗಳನ್ನು ಮೂರು ತಿಂಗಳು ನಿಲ್ಲಿಸಿದಾಗ ಕಾಯಂ ಕಾರ್ಮಿಕರನ್ನು ಸಂಬಳ ಕೊಟ್ಟು ಉಳಿಸಿಕೊಂಡು ತರಬೇತಿಗೆ ಹಚ್ಚಿತು. ನಿಮ್ಮ ಜರ್ಮನ್ ಗ್ರಾಹಕರ ದೇಶದಲ್ಲಿ ‘ಕುರ್ಟ್ಸ್‌ಆರ್ಬೈಟ್’ ಎಂಬ ವ್ಯವಸ್ಥೆಯಡಿ 2009ರಲ್ಲಿ ಸುಮಾರು 15 ಲಕ್ಷ ಕಾರ್ಮಿಕರು ಕಡಿಮೆ ಗಂಟೆ ದುಡಿದರು, ಕಳೆದುಕೊಂಡ ವೇತನದ ದೊಡ್ಡ ಭಾಗವನ್ನು ಸಾರ್ವಜನಿಕ ನಿಧಿ ಭರಿಸಿತು. ನಮ್ಮಲ್ಲಿ ಅಂಥ ನಿಧಿಯಿಲ್ಲವಾದ್ದರಿಂದ ಮಾಲೀಕರಿಗೆ ಕೊಡಬೇಕಾದ ಲೆಕ್ಕ ಬೇರೆ: ಒಬ್ಬ ಆಪರೇಟರನನ್ನು ಆರು ತಿಂಗಳು ಕೂರಿಸಿಕೊಂಡರೆ ಆಗುವ ಖರ್ಚು ಒಂದು ಕಡೆ, ಆರ್ಡರ್ ಮರಳಿದಾಗ ಹೊಸಬನನ್ನು ಹುಡುಕಿ, ತಯಾರು ಮಾಡಿ, ಆ ನಡುವೆ ಬೀಳುವ ರಿಜೆಕ್ಷನ್ ಮತ್ತು ಏರ್ ಫ್ರೈಟ್ ಇನ್ನೊಂದು ಕಡೆ.

ಬ್ಯಾಂಕಿಗೆ ಯಾವಾಗ ಹೋಗಬೇಕು ಎಂಬುದಕ್ಕೂ ಪಟ್ಟಿಯೇ ಉತ್ತರ ಹೇಳುತ್ತದೆ. 2008ರ ಅಕ್ಟೋಬರಿನಿಂದ 2009ರ ಏಪ್ರಿಲ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 9ರಿಂದ 4.75ಕ್ಕೆ, ನಗದು ಮೀಸಲು ಅನುಪಾತವನ್ನು ಶೇ. 9ರಿಂದ 5ಕ್ಕೆ ಇಳಿಸಿತು. ರಿಯಾಯಿತಿ ಬಡ್ಡಿಯ ಪ್ಯಾಕಿಂಗ್ ಕ್ರೆಡಿಟ್ (ಸರಕು ಸಾಗಿಸುವ ಮೊದಲು ರಫ್ತುದಾರರಿಗೆ ಕೊಡುವ ಸಾಲ) ಅವಧಿಯನ್ನು 180ರಿಂದ 270 ದಿನಗಳಿಗೆ ಹೆಚ್ಚಿಸಿತು. ಇವು ತಾವಾಗಿಯೇ ಯಾರ ಖಾತೆಗೂ ಬಂದು ಸೇರಲಿಲ್ಲ. ಕೇಳಿದವರಿಗೆ, ಕಾಗದ ಸಿದ್ಧವಾಗಿದ್ದವರಿಗೆ ಸಿಕ್ಕವು. ಸಾಲ ಮರುಹೊಂದಾಣಿಕೆಯ ವಿಶೇಷ ಸೌಲಭ್ಯವನ್ನೂ 2008ರ ಸೆಪ್ಟೆಂಬರ್ 1ರಂದು ಸುಸ್ಥಿತಿಯಲ್ಲಿದ್ದ ಖಾತೆಗಳಿಗೆ ಕೊಡಲಾಯಿತು. ಅದಕ್ಕೆ ಮೊದಲೇ ಕಂತು ತಪ್ಪಿಸಿ ಎನ್‌ಪಿಎ (ವಸೂಲಾಗದ ಸಾಲ) ಆಗಿದ್ದವರು ಹೊರಗುಳಿದರು. ನಿಮ್ಮ ಪಟ್ಟಿಯಲ್ಲಿ ಹತ್ತನೆಯ ವಾರ ಕೆಂಪಾಗಿ ಕಂಡರೆ ಎರಡನೆಯ ವಾರದಲ್ಲೇ ಮ್ಯಾನೇಜರರನ್ನು ಕಾಣಿ. ಕೈಯಲ್ಲಿ ಪಟ್ಟಿ, ಕಳೆದ ವಾರಗಳ ಅಂದಾಜು ಮತ್ತು ವಾಸ್ತವದ ಹೋಲಿಕೆ, ಮಾರಾಟ ಶೇ. 20, 35, 50 ಇಳಿದರೆ ಮಿತಿ ಯಾವ ವಾರ ಮುರಿಯುತ್ತದೆ ಎಂಬ ಮೂರು ಸಾಲುಗಳಿರಲಿ. ಶೇ. 50 ಅತಿಯಾಯಿತು ಎಂದು ಮಾಲೀಕರು ಹೇಳಬಹುದು. 2009ರಲ್ಲಿ ಇಡೀ ಜಗತ್ತಿನ ಸರಕು ವ್ಯಾಪಾರದ ಪ್ರಮಾಣ ಇಳಿದದ್ದು ಸುಮಾರು ಶೇ. 12, ಆದರೆ ಅದು ಸರಾಸರಿ, ಟ್ರಕ್ ಬಿಡಿಭಾಗ ಮಾಡುವವರಿಗೆ ಸರಾಸರಿಯಿಂದ ಸಮಾಧಾನ ಸಿಗಲಿಲ್ಲ ಎಂದು ಅವರಿಗೆ ನೆನಪಿಸಿ.

ಒಂದು ಎಚ್ಚರಿಕೆ. ಮಾರಾಟ ಇಳಿಯತೊಡಗಿದ ಮೊದಲ ಆರೆಂಟು ವಾರ ಖಾತೆಯಲ್ಲಿ ಹಣ ಹೆಚ್ಚಾದಂತೆ ಕಾಣುತ್ತದೆ, ಏಕೆಂದರೆ ಹಳೆಯ ಇನ್‌ವಾಯ್ಸುಗಳ ಹಣ ಬರುತ್ತಿರುತ್ತದೆ, ಹೊಸ ಖರೀದಿ ನಿಂತಿರುತ್ತದೆ. ಆ ನೆಮ್ಮದಿಯನ್ನು ನಂಬಿ ಮಾಲೀಕರು ಜಾಗ ಕೊಳ್ಳಲು ಹೊರಟರೆ ತಡೆಯಿರಿ. ಇದರ ತಿರುವು ಮುರುವೂ ನಿಜ: ಆರ್ಡರ್ ಮರಳುವಾಗ ಸಾಮಗ್ರಿ, ಕೂಲಿ ಎಲ್ಲಕ್ಕೂ ಹಣ ಮೊದಲು ಬೇಕು, ಗ್ರಾಹಕರ ಹಣ ಆಮೇಲೆ. ಬಿಕ್ಕಟ್ಟಿನುದ್ದಕ್ಕೂ ಉಳಿದು ಚೇತರಿಕೆಯ ಮೊದಲ ಮೂರು ತಿಂಗಳಲ್ಲಿ ಮುಗ್ಗರಿಸುವ ಕಾರ್ಖಾನೆಗಳಿವೆ. ಹಾಗಾಗಿ ಪರಿಸ್ಥಿತಿ ಸುಧಾರಿಸಿತೆಂದು 13 ವಾರಗಳ ಪಟ್ಟಿಯನ್ನು ನಿಲ್ಲಿಸಬೇಡಿ.

ವರದಿಯನ್ನು ಒಪ್ಪಿಸುವ ರೀತಿಯ ಬಗ್ಗೆಯೂ ಒಂದು ಮಾತು. ಫೋರ್ಡ್‌ನ ಮುಖ್ಯಸ್ಥರಾಗಿದ್ದ ಅಲನ್ ಮುಲಾಲಿ ಪ್ರತಿ ಗುರುವಾರ ಎಲ್ಲ ವಿಭಾಗಗಳ ಮುಖ್ಯಸ್ಥರನ್ನು ಕೂರಿಸಿ, ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿಗಳನ್ನು ನೋಡುತ್ತಿದ್ದರು. ಕಂಪನಿ ನೂರಾರು ಕೋಟಿ ಡಾಲರ್ ಕಳೆದುಕೊಳ್ಳುತ್ತಿದ್ದರೂ ಆರಂಭದ ಸಭೆಗಳಲ್ಲಿ ಎಲ್ಲವೂ ಹಸಿರೇ. ಮಾರ್ಕ್ ಫೀಲ್ಡ್ಸ್ ಮೊದಲ ಬಾರಿಗೆ ಕೆಂಪು ಪಟ್ಟಿ ತಂದಾಗ ಮುಲಾಲಿ ಚಪ್ಪಾಳೆ ತಟ್ಟಿದರು. ನಿಮ್ಮ ಮಾಲೀಕರು ಚಪ್ಪಾಳೆ ತಟ್ಟುತ್ತಾರೆಂದು ನಾನು ಭರವಸೆ ಕೊಡಲಾರೆ. ಆದರೆ ಪ್ರತಿ ಸೋಮವಾರ ಬೆಳಗ್ಗೆ, ಬೇರೆ ಯಾರೂ ಒಳಗೆ ಹೋಗುವ ಮೊದಲು, ಒಂದೇ ಪುಟದಲ್ಲಿ, ಕೆಂಪನ್ನು ಕೆಂಪಾಗಿಯೇ ತೋರಿಸಿ. ಒಂದು ಕೆಂಪಿಗೆ ಎರಡು ದಾರಿಗಳನ್ನೂ, ಪ್ರತಿ ದಾರಿಯಿಂದ ಎಷ್ಟು ವಾರ ಸಿಗುತ್ತದೆ ಎಂಬುದನ್ನೂ ಜೊತೆಗೆ ಬರೆಯಿರಿ. ನಿರ್ಧಾರ ಅವರದು.

ಅರ್ಹತೆಯ ಪ್ರಶ್ನೆಗೆ ಉತ್ತರ ಚಿಕ್ಕದು. 1959ರ ಕಾಯ್ದೆಯಡಿ ಸ್ಥಾಪಿತವಾದ ನಮ್ಮ ಕಾಸ್ಟ್ ಅಕೌಂಟೆಂಟರ ಸಂಸ್ಥೆಯ ಸಿಎಂಎ ನಿಮ್ಮ ಬಳಿ ಇದೆ. ಮೇಲೆ ಹೇಳಿದ ಯಾವ ಲೆಕ್ಕಕ್ಕೂ ಅದಕ್ಕಿಂತ ಹೆಚ್ಚಿನ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. ಬ್ರಿಟನ್ನಿನ ಸಿಮಾ ಹೊರದೇಶದ ಕೆಲಸಕ್ಕೆ, ಬಹುರಾಷ್ಟ್ರೀಯ ಕಂಪನಿಗಳ ಶೇರ್ಡ್ ಸರ್ವೀಸ್ ಕೇಂದ್ರಗಳಿಗೆ ಹೋಗುವವರಿಗೆ ಉಪಯೋಗಕ್ಕೆ ಬರುತ್ತದೆ. ಪೀಣ್ಯದಲ್ಲೇ ಇರುವುದಾದರೆ ಆ ಶುಲ್ಕ ಮತ್ತು ಸಮಯವನ್ನು ಉಳಿಸಿ, ವಾರಕ್ಕೆ ಒಂದು ಮಧ್ಯಾಹ್ನ ಶಾಪ್ ಫ್ಲೋರಿನಲ್ಲಿ, ಇನ್ನೊಂದು ಮಧ್ಯಾಹ್ನ ರವಾನೆ ವಿಭಾಗದಲ್ಲಿ ಕಳೆಯಿರಿ. ಶೆಡ್ಯೂಲ್ ಕಡಿತದ ಸುದ್ದಿ ನಿಮ್ಮ ಸಾಫ್ಟ್‌ವೇರ್‌ಗೆ ಬರುವ ಎಷ್ಟೋ ದಿನ ಮೊದಲೇ ರವಾನೆ ವಿಭಾಗದವರಿಗೆ ತಿಳಿದಿರುತ್ತದೆ.